ಹಳೆಯ ಕಾರಿನ ಬಾಡಿ ಜೋಡಣೆ: ಬಣ್ಣಕ್ಕೆ ಮೊದಲು ತಾಳೆ ನೋಡಿ

ಹಳೆಯ ಕಾರುಗಳನ್ನು ಮೂಲ ಸ್ಥಿತಿಗೆ ತರುವ ಕೆಲಸವು ಹವ್ಯಾಸಿ ಶ್ರೀಮಂತರ ವಿಲಾಸವೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಒಂದು ಹಳೆಯ ಕಾರು ಮತ್ತೆ ರೂಪ ಪಡೆಯಬೇಕಾದರೆ ಟಿಂಕರಿಂಗ್ ಕೆಲಸಗಾರ, ವೆಲ್ಡಿಂಗ್ ಶಾಪಿನವರು, ಲೇತ್ ಯಂತ್ರವಿರುವ ಸಣ್ಣ ಕಾರ್ಖಾನೆ, ನಿಕ್ಕಲ್ ಮತ್ತು ಕ್ರೋಮಿಯಂ ಲೇಪನ ಮಾಡುವ ಘಟಕ, ರಬ್ಬರ್ ಬೀಡಿಂಗ್ ತಯಾರಕರು, ಸೀಟು ಹೊಲಿಯುವವರು, ಬಣ್ಣದ ವ್ಯಾಪಾರಿ ಹೀಗೆ ಹತ್ತಾರು ಸಣ್ಣ ಉದ್ದಿಮೆಗಳ ಕೈ ಅದರ ಮೇಲೆ ಹಾಯಬೇಕಾಗುತ್ತದೆ. ಧರ್ಮಸ್ಥಳದ ಕಾರು ಸಂಗ್ರಹಾಲಯವನ್ನು ನೋಡಿದವರಿಗೆ ಇಂತಹ ವಾಹನಗಳನ್ನು ಸುಸ್ಥಿತಿಯಲ್ಲಿ ಇರಿಸಿಕೊಳ್ಳಲು ಎಷ್ಟು ಬಗೆಯ ಕುಶಲತೆ ಬೇಕೆಂಬುದು ಮನವರಿಕೆಯಾಗದೆ ಇರದು.

ಈ ಕೆಲಸವನ್ನು ಕೈಗೊಂಡ ವರ್ಕ್‌ಶಾಪುಗಳು ಇಂಜಿನ್ನಿನಲ್ಲಿ ನಷ್ಟ ಮಾಡಿಕೊಳ್ಳುವುದು ವಿರಳ. ಇಂಜಿನ್ನಿಗೆ ಅಳತೆಗಳಿವೆ, ಕೈಪಿಡಿಗಳಿವೆ. ಸವೆದದ್ದು ಎಷ್ಟೆಂದು ಮೈಕ್ರೋಮೀಟರ್ ಹೇಳುತ್ತದೆ. ನಷ್ಟವಾಗುವುದು ಬಾಡಿ ಪ್ಯಾನೆಲ್‌ಗಳ ಜೋಡಣೆಯಲ್ಲಿ. ಬಾಗಿಲು ಚೌಕಟ್ಟಿಗೆ ಕೂರುವುದಿಲ್ಲ, ಬಾನೆಟ್ ಒಂದು ಕಡೆ ಏಳುತ್ತದೆ, ಡಿಕ್ಕಿಯ ಮುಚ್ಚಳದ ಸಂದಿನಲ್ಲಿ ಒಂದು ಕಡೆ ಬೆರಳು ಹೋದರೆ ಇನ್ನೊಂದು ಕಡೆ ಕಾಗದವೂ ಹೋಗದು. ಬಣ್ಣ ಮುಗಿದ ಮೇಲೆ ಈ ದೋಷ ಬೆಳಕಿಗೆ ಬಂದರೆ ಮಾಲೀಕ ಹಣ ತಡೆಹಿಡಿಯುತ್ತಾನೆ. ಉದ್ದಿಮೆದಾರ ಎರಡನೆಯ ಬಾರಿ ಕೈಯಿಂದ ಖರ್ಚು ಮಾಡಿ ಅದೇ ಕೆಲಸವನ್ನು ಮಾಡಬೇಕಾಗುತ್ತದೆ. ಇದನ್ನು ತಪ್ಪಿಸುವ ಬಗೆ ಹೇಗೆ, ಅದಕ್ಕೆ ತಗಲುವ ವೆಚ್ಚವನ್ನು ಅಂದಾಜಿನಲ್ಲಿ ಸೇರಿಸುವ ಬಗೆ ಹೇಗೆ ಎಂಬುದನ್ನು ಒಂದು ನಿಜವಾದ ಕಾರಿನ ಉದಾಹರಣೆಯೊಂದಿಗೆ ಇಲ್ಲಿ ವಿವರಿಸಲಾಗಿದೆ.

ತುಂಡುಗಳಲ್ಲಿ ಹುಟ್ಟಿದ ಕಾರು

ದಕ್ಷಿಣ ಭಾರತದ ಹಿರಿಯರಿಗೆ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಪರಿಚಿತವಾದದ್ದು. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಹೊರಬಂದ ಈ ಕಾರನ್ನು 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪನಿಯು ಇಲ್ಲಿ ತಯಾರಿಸಿತು. ಮುಂದೆ ಭಾರತದ ಗ್ರಾಹಕರಿಗಾಗಿ ನಾಲ್ಕು ಬಾಗಿಲಿನ ಮಾದರಿಯೂ ಬಂದಿತು. ಇದರ ಹೊರರೂಪವನ್ನು ರಚಿಸಿದವರು ಇಟಲಿಯ ಜೊವಾನಿ ಮಿಕೆಲೊಟ್ಟಿ.

ಹೆರಾಲ್ಡ್‌ನ ಬಾಡಿ ಒಂದೇ ಪೆಟ್ಟಿಗೆಯಾಗಿಲ್ಲ. ಇಂಜಿನ್ ಮತ್ತು ಪ್ರಯಾಣಿಕರ ನಡುವಿನ ಅಡ್ಡಗೋಡೆಯಿರುವ ಮುಂಭಾಗ, ಹಿಂಭಾಗದ ತೊಟ್ಟಿ, ಮೇಲ್ಛಾವಣಿ, ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಬಾಗಿ ತೆರೆದುಕೊಳ್ಳುವ ಇಡಿಯ ಬಾನೆಟ್ ಇವೆಲ್ಲ ಬೇರೆ ಬೇರೆ ತುಂಡುಗಳು. ಅವುಗಳನ್ನು ಪ್ರತ್ಯೇಕವಾದ ಉಕ್ಕಿನ ಚಾಸಿಯ ಮೇಲೆ ಬೋಲ್ಟುಗಳಿಂದ ಬಿಗಿಯಲಾಗುತ್ತದೆ. ಆ ಕಾಲಕ್ಕೆ ಇತರ ಅನೇಕ ತಯಾರಕರು ಚಾಸಿಯನ್ನೇ ಕೈಬಿಟ್ಟು ಒಂದೇ ಪೆಟ್ಟಿಗೆಯ ಬಾಡಿಗೆ ಹೋಗಿದ್ದರು. ಹಾಗಿರುವಾಗ ಈ ಕಂಪನಿ ಹಿಂದಿನ ಪದ್ಧತಿಗೆ ಮರಳಿದ್ದಕ್ಕೆ ಒಂದು ವ್ಯಾಪಾರಿ ಕಾರಣವಿತ್ತು. ಸ್ಟ್ಯಾಂಡರ್ಡ್ ಟ್ರಯಂಫ್ ಕಂಪನಿಗೆ ಬಾಡಿಗಳನ್ನು ಒದಗಿಸುತ್ತಿದ್ದ ಫಿಷರ್ ಅಂಡ್ ಲಡ್ಲೊ ಸಂಸ್ಥೆಯನ್ನು 1953ರಲ್ಲಿ ಅದರ ಪ್ರತಿಸ್ಪರ್ಧಿಯಾದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಖರೀದಿಸಿತು. ಸರಬರಾಜುದಾರನೇ ಎದುರಾಳಿಯ ಪಾಲಾದ ಮೇಲೆ, ಇಡಿಯ ಬಾಡಿಯನ್ನು ಒಂದೆಡೆ ಮಾಡಿಸುವ ದಾರಿ ಇಕ್ಕಟ್ಟಾಯಿತು. ಸಣ್ಣ ಸಣ್ಣ ತುಂಡುಗಳನ್ನು ಬೇರೆ ಬೇರೆ ಕಾರ್ಖಾನೆಗಳಲ್ಲಿ ಮಾಡಿಸಿ ಒಂದೆಡೆ ಕೂಡಿಸುವ ವಿನ್ಯಾಸ ಹೀಗೆ ಹುಟ್ಟಿತು. ಬಿಡಿಭಾಗಗಳ ರೂಪದಲ್ಲಿ ಹೊರದೇಶಗಳಿಗೆ ಕಳುಹಿಸಿ ಅಲ್ಲಿ ಜೋಡಿಸುವುದಕ್ಕೂ ಇದು ಅನುಕೂಲವಾಯಿತು.

ಒಬ್ಬನೇ ಸರಬರಾಜುದಾರನನ್ನು ನೆಚ್ಚಿಕೊಂಡರೆ ಏನಾಗುತ್ತದೆ ಎಂಬ ಪಾಠ ಇದರಲ್ಲಿದೆ. ಈ ಪರಿಹಾರಕ್ಕೂ ಅದರದೇ ಬೆಲೆಯಿತ್ತು. ಎಷ್ಟು ತುಂಡುಗಳೋ ಅಷ್ಟು ಸಂದುಗಳು. ಆರಂಭದ ವರ್ಷಗಳ ಹೆರಾಲ್ಡ್ ಕಾರುಗಳಲ್ಲಿ ಸಂದುಗಳಿಂದ ನೀರು ಸೋರುವುದು, ಗಡಗಡ ಸದ್ದು ಬರುವುದು ಮುಂತಾದ ದೂರುಗಳಿದ್ದವು. ಹೊಸ ಪ್ಯಾನೆಲ್‌ಗಳು, ತರಬೇತಾದ ಕೆಲಸಗಾರರು ಇದ್ದ ಕಾರ್ಖಾನೆಗೇ ಈ ಜೋಡಣೆ ಕಷ್ಟವಾಗಿತ್ತೆಂದರೆ, ತುಕ್ಕು ತಿಂದ ತಗಡಿನೊಡನೆ ಇಂದು ಅದೇ ಕೆಲಸಕ್ಕೆ ಇಳಿಯುವವರು ಎಷ್ಟು ಎಚ್ಚರದಿಂದಿರಬೇಕು ಎಂಬುದನ್ನು ಊಹಿಸಬಹುದು.

ದೋಷದ ಮೂಲ ಕೆಳಗಿದೆ

ಬಾಗಿಲಿನ ಸಂದು ಸರಿಯಿಲ್ಲದಿದ್ದರೆ ಕೈ ಸಹಜವಾಗಿ ಬಾಗಿಲಿನ ಕಡೆಗೇ ಹೋಗುತ್ತದೆ. ಕೀಲನ್ನು ಬಡಿದು, ಅಂಚನ್ನು ಉಜ್ಜಿ, ಉಳಿದದ್ದಕ್ಕೆ ಪಟ್ಟಿ ತುಂಬಿ ಮುಗಿಸುವವರಿದ್ದಾರೆ. ಪ್ರತ್ಯೇಕ ಚಾಸಿಯಿರುವ ಕಾರುಗಳಲ್ಲಿ ದೋಷ ಬಹುಮಟ್ಟಿಗೆ ಬಾಗಿಲಿನಲ್ಲಿ ಇರುವುದೇ ಇಲ್ಲ. ಚಾಸಿ ಎಲ್ಲೋ ಬಾಗಿರುತ್ತದೆ, ಅಥವಾ ಬಾಡಿಯನ್ನು ಹೊರುವ ಪಕ್ಕದ ಚಾಚುತೋಳುಗಳು ತುಕ್ಕು ಹಿಡಿದು ಇಳಿದಿರುತ್ತವೆ. ಹೆರಾಲ್ಡ್‌ನಲ್ಲಿ ಈ ತೋಳುಗಳೂ ಪಕ್ಕದ ಪಟ್ಟಿಗಳೂ ತುಕ್ಕಿಗೆ ಮೊದಲು ಬಲಿಯಾಗುವ ಭಾಗಗಳು.

ಬಾಡಿ ಮತ್ತು ಚಾಸಿಯ ನಡುವೆ ಬೋಲ್ಟು ಇರುವೆಡೆ ತೆಳುವಾದ ಬಿಲ್ಲೆಗಳನ್ನು ಇರಿಸುವುದು ರೂಢಿ. ಇವನ್ನು ಶಿಮ್ ಎಂದೂ ಪ್ಯಾಕಿಂಗ್ ಎಂದೂ ಕರೆಯುತ್ತಾರೆ. ಸಂದನ್ನು ನಿಯಂತ್ರಿಸುವ ನಿಜವಾದ ಸಾಧನ ಇದೇ. ಉದಾಹರಣೆಗೆ, ಬಾಗಿಲಿನ ಕೀಲುಗಳನ್ನು ಹೊತ್ತ ಮುಂಭಾಗವು ಹಿಂದುಮುಂದಾಗಿ ಎರಡು ಆಧಾರಗಳ ಮೇಲೆ ನಿಂತಿದೆ, ಅವುಗಳ ನಡುವಿನ ಅಂತರ 600 ಮಿ.ಮೀ., ಬಾಗಿಲಿನ ಉದ್ದ 1,000 ಮಿ.ಮೀ. ಎಂದಿಟ್ಟುಕೊಂಡರೆ, ಒಂದು ಆಧಾರದ ಕೆಳಗೆ 2 ಮಿ.ಮೀ. ಬಿಲ್ಲೆ ಇರಿಸಿದಾಗ ಬಾಗಿಲಿನ ಚಿಲಕದ ತುದಿ ಕೀಲಿನ ತುದಿಗಿಂತ ಸುಮಾರು 3 ಮಿ.ಮೀ. ಹೆಚ್ಚು ಸರಿಯುತ್ತದೆ. ಹಿಂದಿನ ಆಧಾರವನ್ನು ಏರಿಸಿದರೆ ಚಿಲಕದ ತುದಿ ಏಳುತ್ತದೆ, ಮುಂದಿನದನ್ನು ಏರಿಸಿದರೆ ಇಳಿಯುತ್ತದೆ. ಕೆಳಗೆ ಮಾಡಿದ ಸಣ್ಣ ತಪ್ಪು ಮೇಲೆ ದೊಡ್ಡದಾಗಿ ಕಾಣುವುದು ಈ ಕಾರಣದಿಂದ. ಮೇಲೆ ಕಾಣುವ ದೊಡ್ಡ ದೋಷವನ್ನು ಕೆಳಗೆ ಸಣ್ಣ ಬಿಲ್ಲೆಯಿಂದ ತಿದ್ದಬಹುದಾಗಿರುವುದೂ ಇದೇ ಕಾರಣದಿಂದ.

ಕಾರನ್ನು ಬಿಚ್ಚುವಾಗ ಯಾವ ಬೋಲ್ಟಿನಡಿ ಎಷ್ಟು ಬಿಲ್ಲೆಗಳಿದ್ದವು ಎಂಬುದನ್ನು ಬರೆದಿಟ್ಟು, ಅವನ್ನು ಪ್ರತ್ಯೇಕ ಚೀಲಗಳಲ್ಲಿ ಚೀಟಿ ಸಹಿತ ಕಟ್ಟಿಡಬೇಕು. ಈ ಅರ್ಧ ಗಂಟೆಯ ಬರವಣಿಗೆ ಮುಂದೆ ಹಲವು ದಿನಗಳ ಶ್ರಮವನ್ನು ಉಳಿಸುತ್ತದೆ. ಬಿಚ್ಚುವ ಮೊದಲೇ ಎಲ್ಲ ಸಂದುಗಳನ್ನು ಅಳೆದು, ಛಾಯಾಚಿತ್ರ ತೆಗೆದಿಡುವುದೂ ಅವಶ್ಯ.

ಜೋಡಣೆಯ ಅನುಕ್ರಮ

ಮೊದಲನೆಯದಾಗಿ, ಚಾಸಿಯನ್ನು ಸಮತಟ್ಟಾದ ನೆಲದಲ್ಲಿ ಇರಿಸಿ ಮೂಲೆಯಿಂದ ಮೂಲೆಗೆ ಕರ್ಣಗಳನ್ನು ಅಳೆಯಬೇಕು. ಬಡಗಿಯು ಕಿಟಕಿಯ ಚೌಕಟ್ಟನ್ನು ಪರೀಕ್ಷಿಸುವ ರೀತಿಯೇ ಇದು. ಎರಡು ಕರ್ಣಗಳು ಸಮನಾಗಿಲ್ಲದಿದ್ದರೆ ಚೌಕಟ್ಟು ಓರೆಯಾಗಿದೆ ಎಂದರ್ಥ. ಚಾಸಿ ನೇರವಾಗದೆ ಮುಂದಿನ ಹೆಜ್ಜೆ ಇಡಬಾರದು.

ಎರಡನೆಯದಾಗಿ, ತುಕ್ಕು ಹಿಡಿದ ನೆಲದ ತಗಡನ್ನಾಗಲಿ, ಬಾಗಿಲ ಕೆಳಗಿನ ಪಟ್ಟಿಯನ್ನಾಗಲಿ ಕತ್ತರಿಸುವ ಮೊದಲು ಬಾಗಿಲಿನ ತೆರವಿಗೆ ಅಡ್ಡಲಾಗಿ ಕಬ್ಬಿಣದ ಕೊಳವೆಗಳನ್ನು ತಾತ್ಕಾಲಿಕವಾಗಿ ಬೆಸೆದು ಆಧಾರ ಕೊಡಬೇಕು. ಈ ಆಸರೆಯಿಲ್ಲದೆ ಕತ್ತರಿಸಿದರೆ ಬಾಡಿ ತನ್ನ ಭಾರಕ್ಕೇ ಕುಸಿದು ಬಾಗಿಲಿನ ತೆರವು ಆಕಾರ ಕಳೆದುಕೊಳ್ಳುತ್ತದೆ. ಹೊಸ ತಗಡನ್ನು ಬೆಸೆಯುವಾಗಲೂ ಬಾಗಿಲನ್ನು ಆಗಾಗ ಕೂರಿಸಿ ನೋಡುತ್ತಿರಬೇಕು.

ಮೂರನೆಯದಾಗಿ, ಬಾಡಿಯನ್ನು ಚಾಸಿಯ ಮೇಲೆ ಇರಿಸುವಾಗ ಕಾರು ತನ್ನ ಚಕ್ರಗಳ ಮೇಲೆ, ಇಂಜಿನ್ ಅಥವಾ ಅದಕ್ಕೆ ಸಮನಾದ ಭಾರವನ್ನು ಹೊತ್ತು ನಿಂತಿರಬೇಕು. ಸ್ಟ್ಯಾಂಡುಗಳ ಮೇಲೆ ಬರಿದಾಗಿ ನಿಂತ ಚಾಸಿ ಒಂದು ಆಕಾರದಲ್ಲಿರುತ್ತದೆ. ಭಾರ ಬಿದ್ದ ಮೇಲೆ ತುಸು ಬಾಗುತ್ತದೆ. ಸ್ಟ್ಯಾಂಡಿನ ಮೇಲೆ ಕೂದಲೆಳೆಯಷ್ಟು ಸರಿಯಾಗಿ ಕೂತ ಬಾಗಿಲು ನೆಲಕ್ಕಿಳಿಸಿದ ಮೇಲೆ ಉಜ್ಜತೊಡಗುವುದು ಈ ಕಾರಣಕ್ಕೆ.

ನಾಲ್ಕನೆಯದಾಗಿ, ಎಲ್ಲ ಬೋಲ್ಟುಗಳನ್ನೂ ಸಡಿಲವಾಗಿ ಹಾಕಿ, ಒಂದು ಸ್ಥಿರ ಬಿಂದುವಿನಿಂದ ಹೊರಟು ಕ್ರಮವಾಗಿ ಮುಂದುವರಿಯಬೇಕು. ಹೆರಾಲ್ಡ್‌ನಲ್ಲಿ ಅಡ್ಡಗೋಡೆಯ ಮುಂಭಾಗವನ್ನು ಮೊದಲು ಸ್ಥಿರಪಡಿಸಿ, ಹಿಂದಿನ ತೊಟ್ಟಿಯನ್ನು ಕೂಡಿಸಿ, ಅವೆರಡರ ನಡುವೆ ಬಾಗಿಲುಗಳನ್ನು ತೂಗಿಹಾಕಿ, ಆ ಸಂದು ಸಮನಾದ ಮೇಲೆ ಮೇಲ್ಛಾವಣಿ, ಡಿಕ್ಕಿಯ ಮುಚ್ಚಳ, ಕೊನೆಗೆ ಬಾನೆಟ್ ಎಂಬ ಕ್ರಮ ಅನುಕೂಲಕರ. ಬಾನೆಟ್ಟಿನ ಮುಂದಿನ ಕೀಲುಗಳಲ್ಲಿ ಹೊಂದಾಣಿಕೆಗೆ ಅವಕಾಶವಿದೆ. ಆದರೆ ಬಾನೆಟ್ಟು ಬಾಗಿಲಿನ ಅಂಚಿಗೂ ಅಡ್ಡಗೋಡೆಗೂ ಏಕಕಾಲಕ್ಕೆ ಹೊಂದಬೇಕಾದುದರಿಂದ, ಅದನ್ನೇ ಮೊದಲು ಸರಿಪಡಿಸಲು ಹೊರಟವರು ಮತ್ತೆ ಮತ್ತೆ ಮೊದಲಿಗೇ ಮರಳಬೇಕಾಗುತ್ತದೆ.

ಐದನೆಯದಾಗಿ, ಕಿಟಕಿಯ ಗಾಜು, ಚಿಲಕ ಮತ್ತು ರಬ್ಬರ್ ಬೀಡಿಂಗ್ ಸಹಿತವಾಗಿಯೇ ಬಾಗಿಲನ್ನು ಪರೀಕ್ಷಿಸಬೇಕು. ಗಾಜಿನ ತೂಕಕ್ಕೆ ಬಾಗಿಲು ಇಳಿಯುತ್ತದೆ. ಗಟ್ಟಿಯಾದ ಹೊಸ ಬೀಡಿಂಗ್ ಅದನ್ನು ಹೊರಕ್ಕೆ ತಳ್ಳುತ್ತದೆ. ಬರಿಯ ತಗಡಿನ ಬಾಗಿಲು ಕೂತಿತೆಂದು ಬಣ್ಣಕ್ಕೆ ಕಳುಹಿಸಿದವರು ಕೊನೆಗೆ ಬಾಗಿಲನ್ನು ಬಡಿದು ಮುಚ್ಚಬೇಕಾದ ಸ್ಥಿತಿಗೆ ಬರುತ್ತಾರೆ.

ಸಂದು ಎಷ್ಟಿರಬೇಕು ಎಂಬುದು ಆಯಾ ಕಾರಿಗೆ ತಕ್ಕಂತೆ ಬದಲಾಗುತ್ತದೆ. ಈ ಕಾಲದ ಕಾರುಗಳಿಗೆ 4ರಿಂದ 5 ಮಿ.ಮೀ. ಒಳ್ಳೆಯ ಗುರಿ. ಕಿರಿದಾಗಿರುವುದಕ್ಕಿಂತ ಉದ್ದಕ್ಕೂ ಒಂದೇ ಸಮನಾಗಿರುವುದು ಕಣ್ಣಿಗೆ ಹಿತ. ಬಣ್ಣದ ಪದರಗಳೂ ಜಾಗ ಬೇಡುತ್ತವೆ. ಎದುರುಬದುರಿನ ಎರಡು ಅಂಚುಗಳ ಪ್ರೈಮರ್ ಮತ್ತು ಬಣ್ಣ ಸೇರಿ ಅರ್ಧ ಮಿ.ಮೀ.ವರೆಗೆ ಸಂದನ್ನು ತಿನ್ನಬಹುದು. ಒಣ ಜೋಡಣೆಯಲ್ಲಿ ಅಷ್ಟನ್ನು ಬಿಟ್ಟಿರಬೇಕು. ಸಂದು ಅಗಲವಾಗಿದ್ದರೆ ಅಂಚಿಗೆ ಬೆಸುಗೆಯ ಲೋಹವನ್ನು ಸ್ವಲ್ಪ ಸ್ವಲ್ಪವಾಗಿ ತುಂಬಿ ಅರದಿಂದ ಉಜ್ಜಬೇಕೇ ಹೊರತು ಪಟ್ಟಿಯನ್ನು ಬಳಿಯಬಾರದು. ಅಂಚಿನ ಪಟ್ಟಿ ಬಾಗಿಲ ಹೊಡೆತಕ್ಕೆ ಬಹುಕಾಲ ನಿಲ್ಲದು. ಬೆಸುಗೆಯ ಶಾಖಕ್ಕೆ ತಗಡು ಸೊಟ್ಟಗಾಗುವುದರಿಂದ, ಚುಕ್ಕೆ ಚುಕ್ಕೆಯಾಗಿ ಬೆಸೆದು ಆರಲು ಬಿಟ್ಟು ಮುಂದುವರಿಯುವ ತಾಳ್ಮೆ ಬೇಕು.

ಹೊಸ ಪ್ಯಾನೆಲ್ ತಂದರೆ ಸಾಲದು

ಹಳೆಯ ಪ್ಯಾನೆಲ್ ಪೂರ್ತಿ ಹಾಳಾಗಿದ್ದಾಗ ಮೂರು ದಾರಿಗಳಿವೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಂತಹ ಕಡೆ ಹಳೆಯ ಮೂಲ ಭಾಗವನ್ನು ಹುಡುಕುವುದು. ನುರಿತ ಕೆಲಸಗಾರನಿಂದ ಕೈಯಲ್ಲಿ ಹೊಸದಾಗಿ ಮಾಡಿಸುವುದು. ಹೊರದೇಶದಿಂದ ಪ್ರತಿರೂಪದ ಪ್ಯಾನೆಲ್ ತರಿಸುವುದು. ಮೊದಲನೆಯದರಲ್ಲಿ ಮೂಲದ ಆಕಾರ ಸಿಗುತ್ತದೆ, ತುಕ್ಕೂ ಜೊತೆಗೆ ಬರುತ್ತದೆ. ಎರಡನೆಯದು ಕೆಲಸಗಾರನ ಕೈಗುಣವನ್ನು ಅವಲಂಬಿಸಿದೆ. ಮೂರನೆಯದಕ್ಕೆ ಬೆಲೆಯ ಮೇಲೆ ಸಾಗಣೆ, ವಿಮೆ, ಕಸ್ಟಮ್ಸ್ ಸುಂಕ, ಐಜಿಎಸ್‌ಟಿ ಸೇರುತ್ತವೆ.

ಮೂರರಲ್ಲಿ ಯಾವುದನ್ನು ಆಯ್ದರೂ ಹೊಂದಿಸುವ ಶ್ರಮ ತಪ್ಪದು. ಪ್ರತಿರೂಪದ ಪ್ಯಾನೆಲ್ ಹೊಳೆಯುತ್ತದೆಯೆಂದ ಮಾತ್ರಕ್ಕೆ ಬೋಲ್ಟಿನ ತೂತುಗಳು ತಾಳೆಯಾಗುತ್ತವೆ ಎಂದೇನಿಲ್ಲ. ಐವತ್ತು ಅರವತ್ತು ವರ್ಷ ಓಡಿದ ಕಾರು ತಾನೂ ಮೂಲ ಅಳತೆಯಲ್ಲಿ ಉಳಿದಿರುವುದಿಲ್ಲ. ಬಂದ ಪ್ಯಾನೆಲ್ಲನ್ನು ಕತ್ತರಿಸುವ ಅಥವಾ ಬಣ್ಣ ಹಚ್ಚುವ ಮೊದಲು ಕೂರಿಸಿ ನೋಡಬೇಕು. ಕೈ ಹಾಕಿದ ಮಾಲನ್ನು ಮಾರಾಟಗಾರರು ಸಾಮಾನ್ಯವಾಗಿ ಹಿಂದಕ್ಕೆ ಪಡೆಯುವುದಿಲ್ಲ.

ವೆಚ್ಚದ ಲೆಕ್ಕಾಚಾರ

ಲೆಕ್ಕಪತ್ರದಲ್ಲಿ ತಾಳೆಪಟ್ಟಿ ಸರಿಹೊಂದದೆ ಅಢಾವೆ ಪತ್ರಿಕೆಯನ್ನು ಸಿದ್ಧಪಡಿಸುವ ಗುಮಾಸ್ತನಿಲ್ಲ. ಬಣ್ಣಕ್ಕೆ ಮೊದಲಿನ ಒಣ ಜೋಡಣೆಯು ಬಾಡಿ ಕೆಲಸದ ತಾಳೆಪಟ್ಟಿ. ಅನೇಕ ವರ್ಕ್‌ಶಾಪುಗಳ ಅಂದಾಜು ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸಾಲೇ ಇರುವುದಿಲ್ಲ. ಅದರ ಪರಿಣಾಮವೇನೆಂಬುದು ಕೆಳಗಿನ ಕಾಲ್ಪನಿಕ ಲೆಕ್ಕದಿಂದ ತಿಳಿಯುತ್ತದೆ.

ಒಂದು ಕಾರಿನ ಬಾಡಿ ಕೆಲಸವನ್ನು ಜಿಎಸ್‌ಟಿ ಹೊರತುಪಡಿಸಿ ರೂ. 1,80,000ಕ್ಕೆ ಒಪ್ಪಿಕೊಳ್ಳಲಾಗಿದೆ; ತಗಡು ಮತ್ತು ಬಣ್ಣದ ಸಾಮಗ್ರಿಯನ್ನು ಮಾಲೀಕ ಒಂದು ಬಾರಿ ಒದಗಿಸುತ್ತಾನೆ ಎಂದಿಟ್ಟುಕೊಳ್ಳಬಹುದು. ತಗಡಿನ ದುರಸ್ತಿಗೆ 200 ಗಂಟೆ, ಜೋಡಣೆಗೆ 60 ಗಂಟೆ, ಬಣ್ಣಕ್ಕೆ 100 ಗಂಟೆ, ಒಟ್ಟು 360 ಗಂಟೆ. ಕೂಲಿ, ಬಾಡಿಗೆ, ವಿದ್ಯುತ್ ಎಲ್ಲ ಸೇರಿ ಗಂಟೆಗೆ ರೂ. 400 ವೆಚ್ಚವಾದರೆ ಒಟ್ಟು ವೆಚ್ಚ ರೂ. 1,44,000; ನಿರೀಕ್ಷಿತ ಲಾಭ ರೂ. 36,000.

ಒಣ ಜೋಡಣೆ ಮಾಡದೆ ನೇರವಾಗಿ ಬಣ್ಣ ಬಳಿದು, ಅನಂತರ ಬಾಗಿಲುಗಳು ಕೂರದೆ ಹೋದರೆ, ಜೋಡಣೆಗೆ 60ರ ಬದಲು 150 ಗಂಟೆ, ಕೆಟ್ಟ ಬಣ್ಣವನ್ನು ಮತ್ತೆ ಹಚ್ಚಲು 40 ಗಂಟೆ ಹಿಡಿಯಿತೆಂದು ಭಾವಿಸಬಹುದು. ಹೆಚ್ಚುವರಿ 130 ಗಂಟೆಗಳ ವೆಚ್ಚ ರೂ. 52,000; ಎರಡನೆಯ ಬಾರಿಯ ಬಣ್ಣದ ಸಾಮಗ್ರಿ ರೂ. 10,000. ಒಟ್ಟು ರೂ. 62,000 ಹೆಚ್ಚುವರಿ ವೆಚ್ಚವಾಗಿ, ರೂ. 36,000 ಲಾಭದ ಜಾಗದಲ್ಲಿ ರೂ. 26,000 ನಷ್ಟ ಉಳಿಯುತ್ತದೆ. ಮೊದಲೇ 40 ಗಂಟೆಗಳ ಒಣ ಜೋಡಣೆಗೆ ರೂ. 16,000 ವೆಚ್ಚ ಮಾಡಿದ್ದರೆ, ಅದನ್ನು ಮಾಲೀಕನಿಂದ ಪಡೆಯದೆ ತಾನೇ ಹೊತ್ತಿದ್ದರೂ ಸಹ ರೂ. 20,000 ಲಾಭ ಉಳಿಯುತ್ತಿತ್ತು.

ಪ್ರತಿ ಕಾರಿಗೂ ಒಂದು ಕೆಲಸದ ಚೀಟಿ ಇರಿಸಿ, ಪ್ರತಿದಿನ ಯಾರು ಯಾವ ಪ್ಯಾನೆಲ್ ಮೇಲೆ ಎಷ್ಟು ಗಂಟೆ ದುಡಿದರೆಂದು ಬರೆದಿಡುವುದು ಇದಕ್ಕೆ ತಳಪಾಯ. ಎರಡು ಮೂರು ಕಾರುಗಳ ಲೆಕ್ಕ ಕೈಗೆ ಬಂದರೆ ಮುಂದಿನ ಅಂದಾಜು ಊಹೆಯ ಮಾತಾಗಿ ಉಳಿಯುವುದಿಲ್ಲ.

ಕರಾರು, ತೆರಿಗೆ ಮತ್ತು ಬಾಕಿ ವಸೂಲಿ

ಬಣ್ಣದ ಕೆಳಗೆ ಏನಿದೆಯೆಂದು ಬಿಚ್ಚುವ ಮೊದಲು ಯಾರೂ ಅರಿಯರು. ಆದುದರಿಂದ ಇಡಿಯ ಕೆಲಸಕ್ಕೆ ಒಂದೇ ಮೊತ್ತ ಹೇಳದೆ ಹಂತಗಳಾಗಿ ಕರಾರು ಮಾಡಿಕೊಳ್ಳುವುದು ಕ್ಷೇಮ. ಬಿಚ್ಚಿ ಪರೀಕ್ಷಿಸುವುದು ಒಂದು ಹಂತ. ಚಾಸಿ ಮತ್ತು ತಗಡಿನ ದುರಸ್ತಿ ಎರಡನೆಯದು. ಒಣ ಜೋಡಣೆ ಮೂರನೆಯದು. ಬಣ್ಣ ಮತ್ತು ಅಂತಿಮ ಜೋಡಣೆ ನಾಲ್ಕನೆಯದು. ಮೂರನೆಯ ಹಂತದ ಕೊನೆಯಲ್ಲಿ ಮಾಲೀಕನನ್ನು ಕರೆಸಿ, ಸಂದುಗಳ ಅಳತೆಯ ಪಟ್ಟಿಗೆ ಅವನ ಸಹಿ ಪಡೆಯಬೇಕು. ಸಹಿ ಇರುವೆಡೆ ಅನಂತರದ ವಾದಕ್ಕೆ ಎಡೆ ಕಡಿಮೆ.

ಸೇವೆಗಾಗಿ ಪಡೆದ ಮುಂಗಡಕ್ಕೆ, ಹಣ ಕೈಸೇರಿದ ಕೂಡಲೇ ಜಿಎಸ್‌ಟಿ ಹೊಣೆ ಹುಟ್ಟುತ್ತದೆ. ಸರಕಿನ ಮುಂಗಡಕ್ಕೆ 2017ರ ನವೆಂಬರ್‌ನಿಂದ ಈ ಹೊಣೆಯಿಲ್ಲ. ಬಿಲ್ಲಿನಲ್ಲಿ ಬಿಡಿಭಾಗಗಳ ಮೌಲ್ಯವನ್ನೂ ಕೂಲಿಯ ಮೌಲ್ಯವನ್ನೂ ಪ್ರತ್ಯೇಕವಾಗಿ ತೋರಿಸಿದ್ದಲ್ಲಿ ಅವುಗಳಿಗೆ ಆಯಾ ದರದಂತೆ ತೆರಿಗೆ ಅನ್ವಯವಾಗುತ್ತದೆ ಎಂದು 2018ರ ಜೂನ್‌ನ ಸುತ್ತೋಲೆ ಸ್ಪಷ್ಟಪಡಿಸಿದೆ. 2025ರ ಸೆಪ್ಟೆಂಬರ್ 22ರಿಂದ ಮೋಟಾರು ಬಿಡಿಭಾಗಗಳ ದರ ಶೇಕಡಾ 18ಕ್ಕೆ ಇಳಿದು ದುರಸ್ತಿ ಸೇವೆಯ ದರಕ್ಕೆ ಸಮನಾಗಿದ್ದರೂ, ಮುಂಗಡದ ವಿಷಯದಲ್ಲಿನ ವ್ಯತ್ಯಾಸದಿಂದಾಗಿ ಪ್ರತ್ಯೇಕವಾಗಿ ತೋರಿಸುವ ಪದ್ಧತಿ ಈಗಲೂ ಪ್ರಯೋಜನಕಾರಿ. ಮೂರು ತಿಂಗಳಿಗೂ ಮೀರಿ ನಡೆಯುವ ಕರಾರಿನಲ್ಲಿ ಹಂತ ಮುಗಿದಂತೆ ಹಣ ಎಂದು ಒಪ್ಪಿಕೊಂಡಿದ್ದರೆ, ಆಯಾ ಹಂತ ಮುಗಿಯುವ ದಿನದೊಳಗೆ ಬಿಲ್ಲು ನೀಡಬೇಕು.

ಬಾಕಿ ಬಾರದಿದ್ದಾಗ ಕಾರನ್ನು ತಡೆಹಿಡಿಯಬಹುದೇ ಎಂಬ ಪ್ರಶ್ನೆ ಸಹಜ. 1872ರ ಭಾರತೀಯ ಕರಾರು ಅಧಿನಿಯಮದ 170ನೆಯ ಕಲಮಿನ ಪ್ರಕಾರ, ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲವನ್ನು ವ್ಯಯಿಸಿ ಒಪ್ಪಿದಂತೆ ಕೆಲಸ ಪೂರೈಸಿದವನು, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ತನ್ನ ಪ್ರತಿಫಲ ದೊರೆಯುವವರೆಗೆ ಅದನ್ನು ತನ್ನ ಬಳಿ ಇರಿಸಿಕೊಳ್ಳಬಹುದು. ಈ ಕಲಮಿಗೆ ಕೊಟ್ಟಿರುವ ದೃಷ್ಟಾಂತದಲ್ಲಿ ಕೋಟು ಹೊಲಿದ ದರ್ಜಿಯೊಬ್ಬನಿದ್ದಾನೆ; ಹೊಲಿದ ಕೂಡಲೇ ಕೊಡುತ್ತೇನೆ, ಹಣಕ್ಕೆ ಮೂರು ತಿಂಗಳ ಗಡುವಿರಲಿ ಎಂದು ಒಪ್ಪಿದ ಕಾರಣಕ್ಕೆ ಅವನಿಗೆ ಕೋಟನ್ನು ತಡೆಹಿಡಿಯುವ ಹಕ್ಕು ಇಲ್ಲವಾಗುತ್ತದೆ. ದಾಕ್ಷಿಣ್ಯಕ್ಕೆ ಸಾಲದ ಗಡುವು ಕೊಡುವವರು ಇದನ್ನು ನೆನಪಿಡಬೇಕು. ಕೆಲಸ ಒಪ್ಪಿದಂತೆ ಪೂರ್ಣವಾಗಿದೆ ಎಂದು ತೋರಿಸಲು ಮತ್ತೆ ಆ ಸಹಿಯಾದ ಪಟ್ಟಿಯೇ ಆಧಾರ.

ಮೂಲ ರೂಪಕ್ಕೆ ಕಾನೂನಿನ ಬೆಲೆ

2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯು ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ವ್ಯವಸ್ಥೆ ಕಲ್ಪಿಸಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ರೂಪದಲ್ಲಿ ಉಳಿದಿರುವ ವಾಹನಗಳಿಗೆ ಇದು ಅನ್ವಯ. ಹೊಸ ನೋಂದಣಿಗೆ ರೂ. 20,000, ಮರು ನೋಂದಣಿಗೆ ರೂ. 5,000 ಶುಲ್ಕ, ಅವಧಿ 10 ವರ್ಷ, ಸಂಖ್ಯಾಫಲಕದಲ್ಲಿ ವಿಎ ಎಂಬ ಅಕ್ಷರಗಳು. ಪ್ರದರ್ಶನ, ರ‍್ಯಾಲಿ, ನಿರ್ವಹಣೆ ಮುಂತಾದ ಉದ್ದೇಶಗಳಿಗೆ ಮಾತ್ರ ಇಂತಹ ವಾಹನ ರಸ್ತೆಗಿಳಿಯಬಹುದು.

ಚಾಸಿ, ಬಾಡಿಯ ಚೌಕಟ್ಟು ಅಥವಾ ಇಂಜಿನ್ ಮಾರ್ಪಾಟಾದ ವಾಹನ ಈ ವ್ಯಾಖ್ಯೆಯಿಂದ ಹೊರಗುಳಿಯುತ್ತದೆ ಎಂಬುದು ವರ್ಕ್‌ಶಾಪುಗಳಿಗೆ ಮುಖ್ಯವಾದ ಅಂಶ. ಬಾಗಿಲು ಕೂರಲಿಲ್ಲವೆಂದು ಕಂಬವನ್ನು ಕತ್ತರಿಸಿ ಸರಿಸುವುದು, ಬೋಲ್ಟಿನ ಜೋಡಣೆಯನ್ನು ಶಾಶ್ವತವಾಗಿ ಬೆಸೆದುಬಿಡುವುದು ಮುಂತಾದ ಸುಲಭದ ದಾರಿಗಳು ಆ ಹೊತ್ತಿಗೆ ಸಮಯ ಉಳಿಸಿದರೂ, ಕಾರಿನ ಮೂಲ ರೂಪದ ಬಗ್ಗೆಯೇ ಪ್ರಶ್ನೆ ಎಬ್ಬಿಸುತ್ತವೆ. ಆ ಹೊಡೆತ ಬೀಳುವುದು ಮಾಲೀಕನ ಆಸ್ತಿಯ ಮೌಲ್ಯಕ್ಕೆ. ಅದರ ಹೊಣೆ ಮರಳಿ ಬರುವುದು ಕೆಲಸ ಮಾಡಿದವನಿಗೆ. ಬಿಲ್ಲೆಯಿಂದ ತಿದ್ದಿದ್ದನ್ನು ನಾಳೆ ಬಿಚ್ಚಿ ಮತ್ತೆ ತಿದ್ದಬಹುದು. ಕತ್ತರಿಸಿದ್ದನ್ನು ಮತ್ತೆ ಮೂಲಕ್ಕೆ ತರಲಾಗದು.

ಈ ವೃತ್ತಿಯಲ್ಲಿ ತೊಡಗಿರುವ ಅಥವಾ ತೊಡಗಬಯಸುವ ಉದ್ದಿಮೆದಾರರು ಬಿಚ್ಚುವ ಮುನ್ನ ಅಳತೆ, ಬಣ್ಣದ ಮುನ್ನ ಒಣ ಜೋಡಣೆ, ಮುಂದಿನ ಹಂತದ ಮುನ್ನ ಸಹಿ ಎಂಬ ಮೂರು ನಿಯಮಗಳನ್ನು ತಮ್ಮ ಅಂದಾಜು ಪಟ್ಟಿಯಲ್ಲೇ ಅಚ್ಚು ಹಾಕಿಸುವುದು ಲೇಸು. ಮುಂದಿನ ಕಾರು ಶೆಡ್ಡಿಗೆ ಬರುವ ಮೊದಲೇ ಆ ಪಟ್ಟಿಯಲ್ಲಿ ಜೋಡಣೆಗೆಂದು ಒಂದು ಪ್ರತ್ಯೇಕ ಸಾಲು ಇರಲಿ.